ಎಲೆ ಅಡಿಕೆ ತಟ್ಟೆಯ ಗುಳಿಗೆ

ಸಾರಕ್ಕಿಯ ಪಾಪಯ್ಯನವರ ಮನೆಯಲ್ಲಿ ನೆಗಡಿ ಗುಳಿಗೆಯನ್ನು ಯಾರೂ ಔಷಧಿ ಎಂದುಕೊಂಡಿರಲಿಲ್ಲ. ಔಷಧಿ ಎಂದರೆ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟದ್ದು, ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿ ತಿಳಿದು ನುಂಗುವಂಥದ್ದು, ದೇವರ ಗೂಡಿನ ಪಕ್ಕ ಎತ್ತರದಲ್ಲಿ ಇಡುವಂಥದ್ದು. ನೆಗಡಿ ಗುಳಿಗೆಯ ಜಾಗ ಎಲೆ ಅಡಿಕೆ ತಟ್ಟೆ. ವೀಳ್ಯದೆಲೆ, ಚೂರಡಿಕೆ, ಸುಣ್ಣದ ಡಬ್ಬಿ, ನಾಲ್ಕು ಲವಂಗ, ಪಕ್ಕದಲ್ಲಿ ಹಳದಿ ಗುಳಿಗೆಯ ಒಂದು ಪಟ್ಟಿ. ಬಂದವರು ಜಗಲಿಯಲ್ಲಿ ಕೂತು ಒಂದು ಸಲ ಸೀನಿದರೆ ಸಾಕು, ಪಾಪಯ್ಯನವರ ಹೆಂಡತಿ ಅಕ್ಕಯಮ್ಮ ಕಾಫಿಯ ಲೋಟದ ಜೊತೆ ಆ ತಟ್ಟೆಯನ್ನೂ ತಂದಿಡುತ್ತಿದ್ದರು. ಬೇಡವೆಂದವರನ್ನು, ಕಾಫಿ ಬೇಡವೆಂದವರನ್ನು ನೋಡುವ ಹಾಗೆಯೇ, ಇವರಿಗೆ ನಮ್ಮ ಮೇಲೆ ಏನೋ ಮುನಿಸಿರಬೇಕು ಎಂಬಂತೆ ನೋಡುತ್ತಿದ್ದರು.

ಈ ಪದ್ಧತಿ ಅವರ ಹಿರಿಯರ ಕಾಲದ್ದಲ್ಲ. ಹೊಲಗಳೆಲ್ಲ ಜೆ.ಪಿ. ನಗರದ ಬಡಾವಣೆಗೆ ಸೇರಿದ ಮೇಲೆ ಪಾಪಯ್ಯನವರು ಉಳಿದ ಜಾಗದಲ್ಲಿ ಸಾಲಾಗಿ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟರು. ಬಂದವರೆಲ್ಲ ಬ್ಯಾಂಕು, ಕಾರ್ಖಾನೆ, ಕಾಲೇಜುಗಳಲ್ಲಿ ಕೆಲಸಕ್ಕಿದ್ದವರು. ರಾಗಿ ಹೊಲದವನಿಗೆ ನೆಗಡಿಯಾದರೆ ಮೂಗೊರೆಸಿಕೊಂಡು ಕೆಲಸ ಮಾಡುತ್ತಾನೆ. ಕುರ್ಚಿಯ ಮೇಲೆ ಕೂರುವವನಿಗೆ ಹಾಗೆ ಮಾಡಲು ನಾಚಿಕೆ. ಹಾಗಾಗಿ ಆ ಮನೆಗಳಿಂದಲೇ ಗುಳಿಗೆ ಓನರ ಮನೆಗೂ ಬಂತು. ಪ್ರೆಶರ್ ಕುಕ್ಕರ್ ಬಂದ ಹಾಗೆ, ರೇಡಿಯೋ ಬಂದ ಹಾಗೆ.

ಮನೆಯ ಹಿಂದೆ ಇನ್ನೂ ಒಂದಿಷ್ಟು ಜಾಗ ಉಳಿದಿತ್ತು. ಅದು ಪಾಪಯ್ಯನವರ ಗುಲಾಬಿ ತೋಟ. ಕಾಡು ಗುಲಾಬಿಯ ಬುಡಕ್ಕೆ ಒಳ್ಳೆಯ ಜಾತಿಯ ಗುಲಾಬಿಯ ಕಣ್ಣು ಕೂರಿಸಿ ಕಸಿ ಮಾಡುವುದರಲ್ಲಿ ಅವರದು ಪಳಗಿದ ಕೈ. ತೊಗಟೆಯನ್ನು ಕೂದಲೆಳೆಯಷ್ಟು ಸೀಳಿ, ಅಕ್ಕಿಕಾಳಿನಷ್ಟು ಮೊಗ್ಗನ್ನು ಒಳಗೆ ಸೇರಿಸಿ, ಒದ್ದೆ ಬಾಳೆನಾರಿನಲ್ಲಿ ಸುತ್ತಿಬಿಟ್ಟರೆ ಹತ್ತರಲ್ಲಿ ಒಂಬತ್ತು ಹಿಡಿಯುತ್ತಿದ್ದವು. ಜಯನಗರದ ಹೊಸ ಮನೆಗಳ ಕಾಂಪೌಂಡಿನಲ್ಲಿ ಅರಳುತ್ತಿದ್ದ ಗುಲಾಬಿಗಳಲ್ಲಿ ಎಷ್ಟೋ ಇಲ್ಲಿಂದ ಹೋದವು.

ಆದರೆ ಪಾಪಯ್ಯನವರ ಎಡಗಣ್ಣು ಪ್ರಾಯದಲ್ಲೇ ಗುಲಾಬಿ ಮುಳ್ಳು ತಾಗಿ ಹೋಗಿತ್ತು. ಈಗ ಬಲಗಣ್ಣಿಗೆ ಪೊರೆ ಬಂದು ಬಲಿತಿತ್ತು. ಹಗಲೂ ಅವರಿಗೆ ಹಾಲಿನಲ್ಲಿ ಅದ್ದಿದ ಬಟ್ಟೆಯ ಹಾಗೆ ಕಾಣುತ್ತಿತ್ತು. ಕಳೆದ ವರ್ಷ ಅವರು ಕಟ್ಟಿದ ಕಸಿಗಳಲ್ಲಿ ಮುಕ್ಕಾಲು ಪಾಲು ಒಣಗಿಹೋದವು. ಅದನ್ನೇ ಕಾಯುತ್ತಿದ್ದವನಂತೆ ಮಗ ಬೈರಣ್ಣ ಮಾತು ತೆಗೆದ.

"ಅಪ್ಪ, ಆ ತೋಟದ ಜಾಗದಾಗೆ ನಾಲ್ಕು ಮನೆ ಏಳ್ತವೆ. ಬಾಡಿಗೆಯೋರು ಬಾಗ್ಲಿಗೆ ಬಂದು ಕೇಳ್ತಾವ್ರೆ."

"ನಾನು ಸತ್ತ ಮೇಲೆ ನಲ್ವತ್ತು ಕಟ್ಕೋ ಹೋಗ್ಲಾ."

"ಕಣ್ಣು ಕಾಣದೋನು ಕಸಿ ಹೆಂಗ್ ಮಾಡ್ತೀಯ? ಗಿಡ ಎಲ್ಲಾ ಕಾಡು ಬೀಳ್ತಾ ಐತೆ. ಒಂದು ಮಾತು ಹೇಳ್ತೀನಿ ಕೇಳು. ದೀಪಾವಳಿ ಒಳ್ಗೆ ಆಪರೇಷನ್ ಮಾಡಿಸ್ಕೊ. ಕಣ್ಣು ಬಂದ್ರೆ ತೋಟ ನಿಂದು, ನಾನು ಬಾಯಿ ಬಿಡಲ್ಲ. ಆಗ್ಲಿಲ್ಲ ಅಂದ್ರೆ ಪಾಯ ತೋಡೋದೆ."

ಪಾಪಯ್ಯನವರು ಒಪ್ಪಿಕೊಂಡರು. ಆಗಿನ್ನೂ ಆಷಾಢ. ದೀಪಾವಳಿ ಬಹಳ ದೂರವಿತ್ತು.

ಕಣ್ಣಿನ ಡಾಕ್ಟರಿಗೆ ಮಾತು ಕಡಿಮೆ. ಅವರು ಎರಡೇ ಷರತ್ತು ಹಾಕಿದರು. ಒಂದು, ಜಯನಗರ ನಾಲ್ಕನೇ ಬ್ಲಾಕಿನ ಡಾಕ್ಟರ್ ವಾರಿಜಾ ಅವರಿಂದ ಬಿ.ಪಿ. ಸರಿಯಾಗಿದೆ ಎಂದು ಬರೆಸಿ ತರಬೇಕು. ಎರಡು, ನೆಗಡಿ ಕೆಮ್ಮು ಇರಕೂಡದು. "ಆಪರೇಷನ್ ಆದ್ಮೇಲೆ ಒಂದು ಸಲ ಜೋರಾಗಿ ಸೀನಿದ್ರೂ ಹೊಲಿಗೆ ಬಿಟ್ಟುಹೋಗುತ್ತೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ" ಎಂದರು.

ಈ ಎರಡನೆಯ ಷರತ್ತು ಪಾಪಯ್ಯನವರ ಎದೆಯಲ್ಲಿ ಕೂತುಬಿಟ್ಟಿತು. ಜಡಿಮಳೆಯ ಕಾಲ. ವಠಾರದಲ್ಲಿ ಒಂದಲ್ಲ ಒಂದು ಮನೆಯಿಂದ ಸೀನಿನ ಸದ್ದು ಕೇಳುತ್ತಲೇ ಇತ್ತು. ಡಾಕ್ಟರ ಮುಂದೆ ತಾವೆಲ್ಲಾದರೂ ಸೀನಿಬಿಟ್ಟರೆ? ಆದ್ದರಿಂದ ಡಾಕ್ಟರ್ ವಾರಿಜಾ ಅವರನ್ನು ನೋಡಲು ಹೊರಡುವ ದಿನ, ನೆಗಡಿ ಇಲ್ಲದಿದ್ದರೂ ಮುಂಜಾಗ್ರತೆಗೆಂದು, ಎಲೆ ಅಡಿಕೆ ತಟ್ಟೆಯಿಂದ ಒಂದು ಹಳದಿ ಗುಳಿಗೆ ನುಂಗಿ ಬಸ್ಸು ಹತ್ತಿದರು. ಜೊತೆಗೆ ಅಕ್ಕಯಮ್ಮ.

ಡಾಕ್ಟರ್ ವಾರಿಜಾ ಪಾಪಯ್ಯನವರ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಬಿಟ್ಟು, ಮತ್ತೆ ತುಂಬಿದರು.

"ಬಿ.ಪಿ. ಜಾಸ್ತಿ ಇದೆಯಲ್ಲ ಪಾಪಯ್ಯನವರೇ. ಬೇರೆ ಏನಾದ್ರೂ ಔಷಧಿ ತಗೋತಾ ಇದೀರಾ?"

"ಇಲ್ಲ ತಾಯಿ. ಹುಟ್ಟಿದ್ಮ್ಯಾಕೆ ಔಷಧಿ ಅಂತ ನುಂಗಿದೋನೇ ಅಲ್ಲ ನಾನು."

"ಬೀಡಿ, ಕುಡಿಯೋದು?"

"ಬೀಡಿ ಇಲ್ಲ. ಕುಡಿಯೋದು ಅಂದ್ರೆ ಕಾಫಿ. ನಮ್ಮೋಳು ಮಾಡೋ ಕಾಫಿಲಿ ಅದೂ ಬರೀ ನೀರೇ."

ಅಕ್ಕಯಮ್ಮ ಗಂಡನ ಮಂಡಿ ಚಿವುಟಿದರು. ಡಾಕ್ಟರು ನಕ್ಕರು. ಪಾಪಯ್ಯನವರು ಸುಳ್ಳು ಹೇಳಿರಲಿಲ್ಲ. ಕೇಳಿದ್ದು ಔಷಧಿಯ ಮಾತು. ಅವರು ಹೇಳಿದ್ದೂ ಔಷಧಿಯ ಮಾತೇ.

ಡಾಕ್ಟರು ಬಿ.ಪಿ.ಗೆ ಮಾತ್ರೆ ಬರೆದುಕೊಟ್ಟರು. ಉಪ್ಪು ಕಡಿಮೆ ಮಾಡಬೇಕು, ಉಪ್ಪಿನಕಾಯಿ ಮುಟ್ಟಬಾರದು ಎಂದರು. ಆಮೇಲೆ ಅಕ್ಕಯಮ್ಮನ ಕಡೆ ತಿರುಗಿ, "ಮನೇಲಿ ಇವರ ಮನಸ್ಸಿಗೆ ಬೇಜಾರಾಗೋ ಅಂಥ ಮಾತು ಯಾರೂ ಆಡ್ಬಾರ್ದು. ಅದಕ್ಕೂ ಬಿ.ಪಿ. ಏರುತ್ತೆ" ಎಂದರು.

ಬೈರಣ್ಣ ಆ ಮಾತನ್ನು ತಲೆಯ ಮೇಲಿಟ್ಟು ನಡೆಸಿದ. ಅಂದಿನಿಂದ ಅವನ ಬಾಯಲ್ಲಿ ತೋಟದ ಮಾತು, ಮನೆ ಕಟ್ಟುವ ಮಾತು ಬರಲೇ ಇಲ್ಲ. ಪಾಪಯ್ಯನವರಿಗೆ ಇದು ಹಿಡಿಸಿತು. ಬಿ.ಪಿ. ಎಂಬುದರಲ್ಲಿ ಇಂಥದ್ದೊಂದು ಅನುಕೂಲವಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಉಪ್ಪಿಲ್ಲದ ಸಾರನ್ನೂ ಅವರು ಅದೇ ಸಮಾಧಾನದಲ್ಲಿ ಉಂಡರು.

ಆದರೆ ಬಿ.ಪಿ. ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ಅವರ ಮೂಗು ಕಟ್ಟಿಕೊಂಡಿತು. ಸೀನಿಲ್ಲ, ಸೋರುವುದಿಲ್ಲ, ಸುಮ್ಮನೆ ಕಟ್ಟಿಕೊಂಡು ಕೂತಿತು. ಬಾಯಲ್ಲೇ ಉಸಿರು. ಪಾಪಯ್ಯನವರು ಹೆದರಿದರು. ಇದು ನೆಗಡಿಯ ಮೊದಲ ಹೆಜ್ಜೆ, ಇಲ್ಲೇ ತಡೆಯಬೇಕು. ಡಾಕ್ಟರ ಹತ್ತಿರ ಹೋಗುವ ದಿನಕ್ಕೆಂದು ಇಟ್ಟುಕೊಂಡಿದ್ದ ಹಳದಿ ಗುಳಿಗೆ ಈಗ ದಿನವೂ ಒಂದಾಯಿತು.

ವಠಾರದ ಮೊದಲ ಮನೆಯ ಚೂಡಾಮಣಿಯನ್ನು ಒಂದು ಮಾತು ಕೇಳಿಯೂ ಕೇಳಿದರು. ಚೂಡಾಮಣಿ ಹೆಣ್ಣುಮಕ್ಕಳ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್. ಲೇಬಲ್ ಇಲ್ಲದ ಬಾಟಲಿಯನ್ನು ಮೂಸಿದರೂ ಹುಡುಗಿಯರನ್ನು ಹೊರಗೆ ನಿಲ್ಲಿಸುವಾಕೆ. ಆಸಿಡ್ಡಿಗೆ ನೀರು ಸುರಿಯಬಾರದು, ನೀರಿಗೆ ಆಸಿಡ್ಡು ಸುರಿಯಬೇಕು ಎಂದು ವರ್ಷಕ್ಕೆ ನೂರು ಸಲ ಹೇಳುವಾಕೆ.

"ನೆಗಡಿ ಮಾತ್ರೆ ತಾನೇ ಅಂಕಲ್, ಅದ್ರಿಂದ ಏನಾಗುತ್ತೆ? ಮಳೆಗಾಲದಲ್ಲಿ ನಾನು ಒಂದು ಹಾಕ್ಕೊಂಡೇ ಕಾಲೇಜಿಗೆ ಹೋಗೋದು. ನಿಮ್ಮ ಹಳದೀದು ಅಷ್ಟು ಸ್ಟ್ರಾಂಗ್ ಇಲ್ಲ ಅನ್ಸುತ್ತೆ. ನಂದು ಬಿಳೀದು ಕೊಡ್ತೀನಿ ತಗೊಳ್ಳಿ" ಎಂದು ಒಂದು ಪಟ್ಟಿ ಕೊಟ್ಟಳು.

ಎಲೆ ಅಡಿಕೆ ತಟ್ಟೆಯಲ್ಲಿ ಹಳದಿಯ ಪಕ್ಕ ಬಿಳಿಯೂ ಬಂದು ಕೂತಿತು. ಪಾಪಯ್ಯನವರು ಬೆಳಿಗ್ಗೆ ಒಂದು ಬಣ್ಣ, ಸಂಜೆ ಒಂದು ಬಣ್ಣ ಎಂದು ಭಾಗ ಮಾಡಿಕೊಂಡರು. ಡಾಕ್ಟರ ಹತ್ತಿರ ಹೋಗುವ ದಿನ ಮಾತ್ರ ಎರಡನ್ನೂ ಒಟ್ಟಿಗೆ.

ಎರಡನೆಯ ಸಲ ಡಾಕ್ಟರ್ ವಾರಿಜಾ ಪಟ್ಟಿ ಸುತ್ತಿದಾಗ ಪಾದರಸ ಮೊದಲಿಗಿಂತ ಮೇಲೆ ನಿಂತಿತ್ತು. ಬಿ.ಪಿ. ಮಾತ್ರೆಯನ್ನು ಅವರು ಎರಡರಷ್ಟು ಮಾಡಿದರು. ಮಾತ್ರೆ ಎರಡರಷ್ಟಾದ ಮೇಲೆ ಮೂಗೂ ಅಷ್ಟೇ ಬಿಗಿಯಾಗಿ ಕಟ್ಟಿತು. ಮೂಗು ಕಟ್ಟಿದಷ್ಟೂ ಗುಳಿಗೆ ಹೆಚ್ಚಾಯಿತು. ಮೂರನೆಯ ಸಲ ಹೋದಾಗ ಡಾಕ್ಟರು ತಮ್ಮ ಯಂತ್ರವನ್ನೇ ನಂಬದೆ ಪಕ್ಕದ ಕೋಣೆಯಿಂದ ಇನ್ನೊಂದನ್ನು ತರಿಸಿದರು. ಬಲಗೈ ಬಿಟ್ಟು ಎಡಗೈ ನೋಡಿದರು. ಪಾಪಯ್ಯನವರಿಗೆ ತಲೆ ಸಿಡಿಯುತ್ತಿತ್ತು.

"ಉಪ್ಪು ಬಿಟ್ಟಿದೀರಾ ನಿಜವಾಗ್ಲೂ?"

"ಬಿಟ್ಟಿಲ್ಲ ತಾಯಿ, ಇವ್ಳು ಕಿತ್ಕೊಂಡವ್ಳೆ" ಎಂದರು ಪಾಪಯ್ಯನವರು.

"ಔಷಧಿ ಮರೀದೆ ತಗೋತಿದೀರಾ? ಬೇರೆ ಯಾವ ಔಷಧಿನೂ ಇಲ್ವಲ್ಲ?"

"ನಿಮ್ಮದು ಬಿಟ್ಟು ಬೇರೆ ಔಷಧಿ ಕಣ್ಣಲ್ಲೂ ನೋಡಿಲ್ಲ. ಕಣ್ಣೂ ಕಾಣಕ್ಕಿಲ್ಲ, ಆ ಮಾತು ಬೇರೆ."

ಈ ಸಲ ಡಾಕ್ಟರು ನಗಲಿಲ್ಲ. "ಹೀಗಿದ್ರೆ ಈ ವರ್ಷ ಕಣ್ಣು ಮುಟ್ಟೋ ಹಾಗೇ ಇಲ್ಲ" ಎಂದರು.

ಅದನ್ನು ಅಕ್ಕಯಮ್ಮ ಬೈರಣ್ಣನಿಗೆ ಹೇಳಿದರು. ಬೈರಣ್ಣ ಅಪ್ಪನಿಗೆ ಏನೂ ಹೇಳಲಿಲ್ಲ.

ಒಂದು ಸಂಜೆ ಪಾಪಯ್ಯನವರು ತೋಟದಲ್ಲಿ ಕೈಯಾಡಿಸುತ್ತಾ ನಡೆಯುತ್ತಿದ್ದರು. ಗಿಡಗಳನ್ನು ಈಗ ಬೆರಳಿನಿಂದಲೇ ಗುರುತಿಸಬೇಕಿತ್ತು. ಮುಳ್ಳು ಯಾವುದು ಎಷ್ಟು ಚುಚ್ಚುತ್ತದೆ ಎಂಬುದರ ಮೇಲೆ ಜಾತಿ ಹೇಳುತ್ತಿದ್ದರು. ಕಾಡು ಬುಡಗಳೆಲ್ಲ ಕಸಿಗೆ ಹದವಾಗಿ ದಪ್ಪವಾಗಿದ್ದವು. ಇನ್ನು ಕೆಲವು ವಾರ ಬಿಟ್ಟರೆ ಹದ ಮೀರುತ್ತದೆ. ಇದನ್ನೇ ಯೋಚಿಸುತ್ತಾ ಕಾಲಿಟ್ಟವರು ನೆಲದಲ್ಲಿ ನೆಟ್ಟ ಗೂಟವೊಂದನ್ನು ಎಡವಿ ಮುಗ್ಗರಿಸಿದರು. ಮುಂದೆ ಇನ್ನೊಂದು ಗೂಟ. ನಡುವೆ ಹಗ್ಗ.

"ಇದ್ಯಾರೇ ಇಲ್ಲಿ ಗೂಟ ಹೊಡೆದೋರು?"

ಹಿಂದೆ ಬಂದ ಅಕ್ಕಯಮ್ಮ ಅವರ ತೋಳು ಹಿಡಿದುಕೊಂಡು, "ನಿಮ್ಮ ಮಗನೇ. ಗಿಡಕ್ಕೆ ಆಸರೆ ಅಂತ" ಎಂದರು.

ಪಾಪಯ್ಯನವರು ಬಗ್ಗಿ ಗೂಟವನ್ನು ಸವರಿ ನೋಡಿದರು. ಬೈರ ಗಿಡಕ್ಕೆ ಆಸರೆ ಕೊಟ್ಟಿದ್ದಾನೆ! ಆ ರಾತ್ರಿ ಊಟಕ್ಕೆ ಕೂತಾಗ ಮಗನ ತಟ್ಟೆಗೆ ತಮ್ಮ ಕೈಯಾರೆ ತುಪ್ಪ ಬಡಿಸಲು ಹೋಗಿ ಅರ್ಧ ನೆಲಕ್ಕೆ ಚೆಲ್ಲಿದರು. ಬೈರಣ್ಣ ತಲೆ ತಗ್ಗಿಸಿಕೊಂಡು ಉಂಡು ಎದ್ದ.

ಡಾಕ್ಟರ್ ವಾರಿಜಾ ಸುಮ್ಮನಿರುವವರಲ್ಲ. ಇಷ್ಟು ಮಾತ್ರೆಗೆ ಬಗ್ಗದ ಬಿ.ಪಿ. ಅವರಿಗೆ ಅವಮಾನದಂತೆ ಕಾಣುತ್ತಿತ್ತು. ಕೆಲವರಿಗೆ ಆಸ್ಪತ್ರೆಯ ವಾಸನೆಗೇ ಎದೆ ಹೊಡೆದುಕೊಳ್ಳುತ್ತದೆ. ಮನೆಯಲ್ಲೇ ನೋಡಿದರೆ ನಿಜ ತಿಳಿಯಬಹುದು ಎಂದುಕೊಂಡು ಒಂದು ಭಾನುವಾರ ಬೆಳಿಗ್ಗೆ ಜಿನುಗುವ ಮಳೆಯಲ್ಲಿ ಆಟೋ ಮಾಡಿಕೊಂಡು ಸಾರಕ್ಕಿಗೆ ಬಂದರು. ಬರುವುದಾಗಿ ಮೊದಲೇ ಹೇಳಿ ಕಳಿಸಿದ್ದರು. ಹಾಗಾಗಿ ಪಾಪಯ್ಯನವರೂ ಹಳದಿ ಬಿಳಿ ಎರಡನ್ನೂ ನುಂಗಿ, ಮಡಿಯ ಪಂಚೆಯುಟ್ಟು ಸಿದ್ಧವಾಗಿದ್ದರು.

ಡಾಕ್ಟರು ಹಜಾರದಲ್ಲಿ ಕೂತು ಪಟ್ಟಿ ಸುತ್ತಿದರು. ಬಿ.ಪಿ. ಇಲ್ಲೂ ಅಷ್ಟೇ ಇತ್ತು. ಅವರು ಯಂತ್ರವನ್ನು ಮುಚ್ಚಿಟ್ಟರು. ಆಮೇಲೆ ಕರವಸ್ತ್ರ ತೆಗೆದು ಮೂಗಿಗೆ ಹಿಡಿದು ಎರಡು ಸಲ ಸೀನಿದರು.

ಅಕ್ಕಯಮ್ಮನಿಗೆ ಅಷ್ಟು ಸಾಕಾಯಿತು. ಒಳಗೆ ಹೋಗಿ ಬಿಸಿ ಕಾಫಿ ತಂದರು. ಜೊತೆಗೆ ಎಲೆ ಅಡಿಕೆ ತಟ್ಟೆ.

"ತಗೊಳ್ಳಿ ತಾಯಿ. ಮಳೇಲಿ ನೆಂದು ಬಂದಿದೀರ. ಹಳ್ದೀದು ಬೇಕೋ ಬಿಳೀದೋ?"

ಡಾಕ್ಟರು ಯಾವುದೋ ಯೋಚನೆಯಲ್ಲಿ ಹಳದಿ ಪಟ್ಟಿ ಕೈಗೆತ್ತಿಕೊಂಡು, ಒಂದು ಗುಳಿಗೆ ಒತ್ತಿ ತೆಗೆದು ತುಟಿಯವರೆಗೂ ಒಯ್ದರು. ಅಲ್ಲಿ ಅವರ ಕೈ ನಿಂತಿತು.

"ಇದನ್ನ ನಿಮ್ಮನೇಲಿ ಯಾರು ತಗೋತಾರೆ?"

"ಎಲ್ರೂನೂವೆ" ಎಂದರು ಅಕ್ಕಯಮ್ಮ ಹೆಮ್ಮೆಯಿಂದ. "ಇವ್ರಿಗೆ ದಿನಾ ಬೇಕು. ಮೂಗು ಕಟ್ಕೊಂಡು ಒದ್ದಾಡ್ತಾರೆ ಪಾಪ. ನಿಮ್ಮ ಹತ್ರ ಬರೋ ದಿನ ಎರಡೂ ಒಟ್ಟಿಗೆ."

"ಪಾಪಯ್ಯನವರೇ, ಬೇರೆ ಔಷಧಿ ಏನೂ ಇಲ್ಲ ಅಂದಿದ್ರಲ್ಲ?"

"ಔಷಧಿ ಇಲ್ಲ ತಾಯಿ. ಇದು ಗುಳಿಗೆ."

"ಗುಳಿಗೆ ಔಷಧಿ ಅಲ್ವಾ?"

"ನೀವು ಬರ್ಕೊಟ್ಟಿರ್ಲಿಲ್ವಲ್ಲ!"

ಡಾಕ್ಟರು ಗುಳಿಗೆಯನ್ನು ತಟ್ಟೆಯಲ್ಲಿ ವೀಳ್ಯದೆಲೆಯ ಮೇಲಿಟ್ಟರು. ಮೂಗಿನೊಳಗೆ ಊದಿಕೊಂಡ ರಕ್ತನಾಳಗಳನ್ನು ಕುಗ್ಗಿಸಿ ಮೂಗು ಬಿಡಿಸುವುದು ಈ ಗುಳಿಗೆಯ ಕೆಲಸ. ಆದರೆ ನುಂಗಿದ ಗುಳಿಗೆಗೆ ಮೂಗು ಎಲ್ಲಿದೆಯೆಂದು ತಿಳಿಯುವುದಿಲ್ಲ, ಅದು ಮೈಯ ನಾಳಗಳನ್ನೆಲ್ಲ ಬಿಗಿಯುತ್ತದೆ. ಬಿ.ಪಿ. ಏರುತ್ತದೆ. ಇದನ್ನು ಡಾಕ್ಟರು ಅವರಿಗೆ ತಿಳಿಯುವ ಹಾಗೆ ಹೇಳಿದರು. ಮುಂದಿನದನ್ನು ಹೇಳುವಾಗ ಅವರ ದನಿ ಸ್ವಲ್ಪ ಇಳಿಯಿತು.

"ನಾನು ಕೊಟ್ಟ ಬಿ.ಪಿ. ಮಾತ್ರೆಗೆ ಮೂಗು ಕಟ್ಟಿಸೋ ಗುಣ ಇದೆ. ಅದಕ್ಕೇ ನಿಮ್ಮ ಮೂಗು ಕಟ್ಟಿದ್ದು, ನೆಗಡಿಗಲ್ಲ. ಮೂಗಿಗೆ ಅಂತ ನೀವು ಇದನ್ನ ತಗೊಂಡ್ರಿ, ಬಿ.ಪಿ. ಏರ್ತು. ಏರ್ತು ಅಂತ ನಾನು ಇನ್ನಷ್ಟು ಕೊಟ್ಟೆ."

"ಅಂದ್ರೆ ನೀವು ಆ ಕಡೆಯಿಂದ ಎಳೆದ್ರಿ, ನಾನು ಈ ಕಡೆಯಿಂದ ಎಳೆದೆ" ಎಂದರು ಪಾಪಯ್ಯನವರು. "ನಡುವೆ ಹಗ್ಗ ಆಗಿದ್ದೂ ನಾನೇ."

ಅಷ್ಟರಲ್ಲಿ ನೀರಿಗೆಂದು ಬಿಂದಿಗೆ ಹಿಡಿದು ಬಂದ ಚೂಡಾಮಣಿ ಬಾಗಿಲಲ್ಲೇ ನಿಂತಿದ್ದಳು. "ಬಿಳೀದು ನಾನು ಕೊಟ್ಟಿದ್ದು ಡಾಕ್ಟ್ರೇ. ಅದು ಬೇರೆ ಕಂಪನೀದಲ್ವಾ?" ಎಂದಳು.

"ಬಣ್ಣ ಬೇರೆ, ಹೆಸರು ಬೇರೆ. ಒಳಗಿರೋದು ಒಂದೇ."

ಲೇಬಲ್ ಓದದೆ ಬಾಟಲಿ ಮುಟ್ಟಬೇಡಿ ಎಂದು ಹುಡುಗಿಯರಿಗೆ ಹೇಳುವ ಚೂಡಾಮಣಿ ಎರಡು ಪಟ್ಟಿಗಳನ್ನೂ ಬೆಳಕಿಗೆ ಹಿಡಿದು ಸಣ್ಣ ಅಕ್ಷರಗಳನ್ನು ಓದಿದಳು. ಓದಿ, ಬಿಂದಿಗೆ ತುಂಬಿಸಿಕೊಳ್ಳದೆಯೇ ಹೊರಟುಹೋದಳು.

"ನೀವೂ ಇದನ್ನೇ ನುಂಗೋಕೆ ಹೋದ್ರಲ್ಲ ತಾಯಿ?" ಎಂದು ಅಕ್ಕಯಮ್ಮ ಕೇಳಿದರು. ಅವರ ತಟ್ಟೆಗೆ ಆದ ಅವಮಾನ ಅವರಿಗಿನ್ನೂ ಆರಿರಲಿಲ್ಲ.

ಡಾಕ್ಟರು ತಮ್ಮ ಕೈಚೀಲ ತೆರೆದು ತೋರಿಸಿದರು. ಅದರಲ್ಲೂ ಅಂಥದ್ದೇ ಒಂದು ಹಳದಿ ಪಟ್ಟಿ ಇತ್ತು. "ಬೆಳಿಗ್ಗೆ ಒಂದು ತಗೊಂಡೇ ಬಂದೆ. ನನ್ನನ್ನ ಯಾರಾದ್ರೂ ಔಷಧಿ ತಗೊಂಡ್ರಾ ಅಂತ ಕೇಳಿದ್ರೆ, ನಾನೂ ಇಲ್ಲ ಅಂತಾನೇ ಹೇಳ್ತಿದ್ದೆ."

ಗುಳಿಗೆ ನಿಂತಿತು. ಅದರ ಜೊತೆಗೇ ಡಾಕ್ಟರು ಬಿ.ಪಿ. ಮಾತ್ರೆಯನ್ನೂ ಹಂತಹಂತವಾಗಿ ಇಳಿಸಿದರು. ಒಂದು ಕಡೆಯ ಹಗ್ಗ ಬಿಟ್ಟ ಮೇಲೆ ಇನ್ನೊಂದು ಕಡೆ ಎಳೆಯುತ್ತಲೇ ಇದ್ದರೆ ಮನುಷ್ಯ ಮುಗ್ಗರಿಸಿ ಬೀಳುತ್ತಾನೆ. ಕೊನೆಗೆ ಪಾಪಯ್ಯನವರಿಗೆ ದಿನಕ್ಕೆ ಅರ್ಧ ಮಾತ್ರೆ ಉಳಿಯಿತು. ಅವರ ನಿಜವಾದ ಬಿ.ಪಿ. ಇದ್ದದ್ದೇ ಅಷ್ಟು. ಮೂಗು ತಾನಾಗಿ ಬಿಟ್ಟಿತು. ಇಡೀ ಮಳೆಗಾಲದಲ್ಲಿ ಅವರಿಗೆ ನೆಗಡಿ ಎಂಬುದು ಒಂದು ದಿನವೂ ಆಗಿರಲಿಲ್ಲ.

ದೀಪಾವಳಿಗೆ ಇನ್ನೇನು ನಾಲ್ಕು ದಿನ ಎನ್ನುವಾಗ ಆಪರೇಷನ್ ಆಯಿತು. ಅದಕ್ಕೆ ಮೊದಲು ಕಣ್ಣಿನ ಡಾಕ್ಟರು, "ಏನಾದ್ರೂ ಔಷಧಿ ತಗೊಂಡಿದೀರಾ?" ಎಂದು ವಾಡಿಕೆಯಂತೆ ಕೇಳಿದರು. ಪಾಪಯ್ಯನವರು ಅರ್ಧ ಮಾತ್ರೆಯಿಂದ ಶುರುಮಾಡಿ, ನೀರು ಕಾಫಿ, ಎಲೆ ಅಡಿಕೆ, ಎರಡು ಲವಂಗ, ಹನುಮಂತನಗರದ ಗುಡ್ಡದಿಂದ ತಂಗಿ ತಂದುಕೊಟ್ಟ ತೀರ್ಥದವರೆಗೆ ಎಲ್ಲವನ್ನೂ ಒಪ್ಪಿಸಿದರು. ಡಾಕ್ಟರು, "ಸಾಕು ಸಾಕು" ಎಂದರು. ಆಮೇಲೆ ಕಣ್ಣಿಗೆ ಕಟ್ಟು, ತಲೆ ಅಲ್ಲಾಡಿಸದೆ ಮಲಗುವುದು, ಯಾರೂ ಹತ್ತಿರ ಬಂದು ಸೀನಬಾರದೆಂದು ಅಕ್ಕಯಮ್ಮನ ಕಾವಲು. ವಾರಗಳು ಕಳೆದ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು.

ಕನ್ನಡಕ ಹಾಕಿಕೊಂಡ ಬೆಳಿಗ್ಗೆ ಪಾಪಯ್ಯನವರು ನೇರ ತೋಟಕ್ಕೆ ಹೋದರು. ಬೈರಣ್ಣ ಬೇಡಬೇಡವೆನ್ನುತ್ತಾ ಹಿಂದೆಯೇ ಬಂದ.

ಗಿಡಗಳನ್ನು ನೋಡುವ ಮೊದಲೇ ಅವರಿಗೆ ಗೂಟಗಳು ಕಂಡವು. ತಲೆಗೆ ಸುಣ್ಣ ಬಳಿದ ಗೂಟಗಳು, ತೋಟದ ಈ ಕೊನೆಯಿಂದ ಆ ಕೊನೆಯವರೆಗೆ. ನಡುವೆ ಬಿಗಿದು ಕಟ್ಟಿದ ಹಗ್ಗ. ಹಗ್ಗಕ್ಕೆ ಅಡ್ಡ ಬಂದ ಗಿಡಗಳನ್ನು ಬುಡಕ್ಕೆ ಕಡಿದಿದ್ದರು. ನಾಲ್ಕು ಚೌಕ, ಒಂದೊಂದು ಚೌಕದೊಳಗೆ ಎರಡು ಕೋಣೆ, ಒಂದು ಅಡುಗೆಮನೆ. ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ ಬಾಗಿಲು ಯಾವ ಕಡೆ ಬರುತ್ತದೆ ಎಂಬುದೂ ಗೊತ್ತಾಗುತ್ತಿತ್ತು.

"ಏನ್ಲಾ ಬೈರ, ಗಿಡಕ್ಕೆ ಆಸರೆನಾ ಇಷ್ಟು ಮೂಲೆಮಟ್ಟ ಹಿಡಿದು ಹೊಡೆಯೋದು?"

ಬೈರಣ್ಣ ಕಾಲಿನ ಹೆಬ್ಬೆರಳಲ್ಲಿ ಮಣ್ಣು ಕೆದಕಿದ. "ಈ ವರ್ಷ ಕಣ್ಣು ಮುಟ್ಟಲ್ಲ ಅಂದಿದ್ರಲ್ಲಪ್ಪ ಡಾಕ್ಟ್ರಮ್ಮ. ಮೇಸ್ತ್ರಿ ಸಿಕ್ಕಿದ್ದ, ಗುರುತು ಹಾಕ್ಸಿದೆ."

"ನಂಗೊಂದು ಮಾತು ಹೇಳ್ಬೋದಿತ್ತು."

"ಹೇಳಿದ್ರೆ ನಿನ್ನ ಬಿ.ಪಿ. ಏರೋದು. ಬೇಜಾರಿನ ಮಾತು ಆಡ್ಬೇಡಿ ಅಂತ ಅವ್ರೇ ಹೇಳಿದ್ರು."

ಪಾಪಯ್ಯನವರು ಗೂಟದ ಸಾಲನ್ನೇ ನೋಡುತ್ತಾ ನಿಂತರು. ಮನೆಯ ಆ ಮೌನವನ್ನು ಅವರು ತಮ್ಮ ಗೆಲುವೆಂದುಕೊಂಡು ಉಪ್ಪಿಲ್ಲದ ಸಾರಿನ ಜೊತೆ ದಿನವೂ ಚಪ್ಪರಿಸಿದ್ದರು. ತುಪ್ಪ ಚೆಲ್ಲಿದ್ದು ನೆನಪಾಯಿತು. ಸಿಟ್ಟು ಮೇಲೇರಿ, ಅರ್ಧ ದಾರಿಯಲ್ಲಿ ನಗುವಾಗಿ ಹೊರಬಂತು.

ಅವರು ಒಂದು ಕಾಡು ಬುಡದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬುಡಗಳಲ್ಲಿ ಹಲವು ಹದ ಮೀರಿದ್ದವು. ಇದೊಂದು ಆಗಬಹುದು ಎನ್ನಿಸಿತು. ಸೊಂಟದಿಂದ ಚಾಕು ತೆಗೆದು ತೊಗಟೆ ಸೀಳಿದರು. ದಪ್ಪ ಗಾಜಿನಲ್ಲಿ ಎಲ್ಲವೂ ಇರುವುದಕ್ಕಿಂತ ದೊಡ್ಡದಾಗಿ, ಇರುವುದಕ್ಕಿಂತ ಹತ್ತಿರ ಕಾಣುತ್ತಿತ್ತು. ಮೊದಲ ಸಲ ಚಾಕು ಜಾರಿತು. ಎರಡನೆಯ ಸಲ ಸರಿಯಾಗಿ ಕೂತಿತು. ಕೆಂಪು ಗುಲಾಬಿಯ ಕಡ್ಡಿಯಿಂದ ಮೊಗ್ಗು ಎಬ್ಬಿಸಿ ಸೀಳಿನೊಳಗೆ ಇಳಿಸಿದರು.

"ನಾರಿನ ತುದಿ ಹಿಡ್ಕೊಳ್ಲಾ."

ಬೈರಣ್ಣ ಪಕ್ಕದಲ್ಲಿ ಕೂತು ಹಿಡಿದುಕೊಂಡ. ಸ್ವಲ್ಪ ಹೊತ್ತಿನ ಮೇಲೆ, "ಗೂಟ ಎಲ್ಲಾ ಇವತ್ತೇ ಕಿತ್ತಾಕ್ತೀನಿ ಬಿಡಪ್ಪ" ಎಂದ.

"ಕೀಳ್ಬೇಡ. ಹಗ್ಗ ಬಿಚ್ಚು ಸಾಕು. ಗಿಡಕ್ಕೆ ಆಸರೆ ಅಂತ ನಿಮ್ಮವ್ವ ಹೇಳವ್ಳೆ. ಅವ್ಳ ಮಾತು ಸುಳ್ಳಾಗ್ಬಾರ್ದು."

ಬೈರಣ್ಣ ಏನೋ ಹೇಳಲು ಬಾಯಿ ತೆರೆದವನು, ಮುಖ ಆಚೆ ತಿರುಗಿಸಿ ಜೋರಾಗಿ ಸೀನಿದ. ಒಳಗಿನಿಂದ ಕೂಡಲೇ ಅಕ್ಕಯಮ್ಮನ ದನಿ ಬಂತು.

"ಯಾರದು ಸೀನಿದ್ದು? ಗುಳಿಗೆ ತರ್ಲಾ?"

"ಮೊದ್ಲು ನಿನ್ನ ಮಗ ಬೇರೆ ಏನೇನು ನುಂಗವ್ನೆ ಅಂತ ಕೇಳು" ಎಂದು ಪಾಪಯ್ಯನವರು ಕೂಗಿದರು.

"ಏನೂ ಇಲ್ಲಪ್ಪ" ಎಂದ ಬೈರಣ್ಣ.

ಪಾಪಯ್ಯನವರು ನಾರು ಬಿಗಿಯುವುದನ್ನು ನಿಲ್ಲಿಸಿ, ದಪ್ಪ ಗಾಜಿನೊಳಗಿಂದ ಮಗನ ಮುಖವನ್ನು ಬಹಳ ಹೊತ್ತು ನೋಡಿದರು.